ಫಾರ್ವರ್ಡ್ ಮೆಸೇಜಿನ ನಾಲ್ಕನೇ ಸಾಲು

ಗುಂಪು: ಸಿಎಸ್ 2004 ಬ್ಯಾಚ್
ಭಾನುವಾರ

[9:04] ಸೀನ: ↪ ಹಲವು ಬಾರಿ ಫಾರ್ವರ್ಡ್ ಆಗಿದೆ
*ಉಬುಂಟು ಲಿನಕ್ಸ್‌ನಲ್ಲಿ ತಪ್ಪಿ ಪೈಥಾನ್ ತೆಗೆದುಬಿಟ್ಟಿರಾ? ಹೆದರಬೇಡಿ*
1. ಸಿಸ್ಟಮ್ ರೀಬೂಟ್ ಮಾಡಿ
2. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ರಿಕವರಿ ಮೋಡ್ ಆರಿಸಿ, ರೂಟ್ ಶೆಲ್‌ಗೆ ಹೋಗಿ
3. ಆಪ್ಟ್ ಇನ್‌ಸ್ಟಾಲ್ ಉಬುಂಟು-ಡೆಸ್ಕ್‌ಟಾಪ್ (ಆಪ್ಟ್: ಪ್ಯಾಕೇಜ್ ಹಾಕುವ, ತೆಗೆಯುವ ಕಮಾಂಡ್)
4. ಎರರ್ ಬಂದರೆ ಆಪ್ಟ್ ಆಟೋರಿಮೂವ್, ಆಮೇಲೆ ಡಿಪಿಕೆಜಿ --ಫೋರ್ಸ್-ಆಲ್ (ಡಿಪಿಕೆಜಿ: ಆಪ್ಟ್‌ನ ಅಡಿಯಲ್ಲಿ ಕೆಲಸ ಮಾಡುವ ಕಮಾಂಡ್)
5. ಆಗಲೂ ಆಗದಿದ್ದರೆ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿ

[9:05] ಸೀನ: ನಮ್ಮ ಕಾಲೇಜಿನ ಜೂನಿಯರ್ಸ್ ಗುಂಪಲ್ಲಿ ಪಿನ್ ಮಾಡೋಣ ಅಂತಿದೀನಿ. ಲ್ಯಾಬ್ ಶುರುವಾಗುತ್ತೆ, 'ಹಳೇ ಪೈಥಾನ್ ತೆಗೆದು ಹೊಸದು ಹಾಕ್ತೀನಿ' ಅಂತ ಯಾರಾದರೂ ಮಾಡೇ ಮಾಡ್ತಾರೆ.

[9:11] ಶೋಭಾ: ಸೀನ, ದಯವಿಟ್ಟು ಪಿನ್ ಮಾಡಬೇಡ. ಮೊದಲನೇ ಸಾಲೇ ತಪ್ಪು. ನಾಲ್ಕನೆಯದು ಅಪಾಯ.

[9:12] ಸೀನ: ಏನು ತಪ್ಪು ಹೇಳು. 3ನೇ ಹೆಜ್ಜೆಯಿಂದ ಡೆಸ್ಕ್‌ಟಾಪ್ ವಾಪಸ್ ಬರುತ್ತಲ್ಲ?

[9:16] ಶೋಭಾ: ಡೆಸ್ಕ್‌ಟಾಪಿನ ಎಷ್ಟೋ ಪ್ಯಾಕೇಜ್ ಪೈಥಾನ್3 ಮೇಲೆ ನಿಂತಿರುತ್ತೆ, ಅದನ್ನ ತೆಗೆದರೆ ಅವೂ ಜೊತೆಗೆ ಹೋಗುತ್ತೆ. ಆದರೂ ರೀಬೂಟ್ ಮಾಡಲೇಬಾರದು. ಪ್ಯಾಕೇಜ್ ತೆಗೆದಾಗ ಡಿಸ್ಕಿನ ಫೈಲ್ ಹೋಗುತ್ತೆ, ಓಡ್ತಾ ಇರೋ ಪ್ರೋಗ್ರಾಮ್ ಮೆಮೊರಿಯಲ್ಲಿ ಬದುಕಿರುತ್ತೆ. ತೆರೆದಿರೋ ಟರ್ಮಿನಲ್ ಕಿಟಕಿ ಇನ್ನೂ ಕೆಲಸ ಮಾಡುತ್ತೆ, ಆದರೆ ಅದನ್ನ ಮುಚ್ಚಿದರೆ ಹೊಸದು ತೆರೆಯಲ್ಲ, ಯಾಕಂದ್ರೆ ಗ್ನೋಮ್-ಟರ್ಮಿನಲ್ ಕೂಡ ಪೈಥಾನ್3 ಜೊತೆ ಹೋಗಿರುತ್ತೆ. ನೆಟ್ ಇನ್ನೂ ಇದ್ದರೆ ಅದೇ ಕಿಟಕಿಯಲ್ಲಿ ಕೂತು ಎಲ್ಲಾ ವಾಪಸ್ ಹಾಕಬಹುದು. ರೀಬೂಟ್ ಮಾಡಿದ ಕ್ಷಣ ಆ ಅವಕಾಶ ಹೋಯ್ತು.

[9:18] ಬಸು: ಶೋಭಾ ಹೇಳೂದು ಖರೆ ಐತಿ. ಸರ್ವರ್ ಮ್ಯಾಲೆ ಇನ್ನೂ ಕೆಟ್ಟ. ಉಬುಂಟು 20.04, 22.04ರಾಗ ನೆಟ್ ಹೊಂದಿಸೋ ನೆಟ್‌ಪ್ಲಾನ್ ಪೈಥಾನ್ ಮ್ಯಾಲೆ ನಿಂತೈತಿ. ಪೈಥಾನ್ ಹೋತಂದ್ರ ಅದೂ ಹೋತು. ಈಗಿರೋ ಐಪಿ ವಿಳಾಸ ಹಂಗ ಇರ್ತೈತಿ, ರೀಬೂಟ್ ಆದಮ್ಯಾಲೆ ನೆಟ್ ಏಳೂದಿಲ್ಲ. ದೂರದಿಂದ ಎಸ್‌ಎಸ್‌ಎಚ್‌ನಾಗ ಲಾಗಿನ್ ಆಗಿದ್ದವರು ಆ ಸೆಷನ್ ಬಿಟ್ಟು ಹೊರಗ ಬರಬ್ಯಾಡ್ರಿ.

[9:20] ದಿನೇಶ: ಅಲ್ಲ ಮಾರಾಯ, ಆಪ್ಟ್ ಮೊದಲೇ ಎಚ್ಚರಿಕೆ ಕೊಡ್ತದಲ್ಲ? ಒಂದು ಪೂರ್ತಿ ವಾಕ್ಯ ಟೈಪ್ ಮಾಡಿದ್ರೆ ಮಾತ್ರ ಮುಂದೆ ಹೋಗುವುದು ಅಂತ ಉಂಟಲ್ಲ.

[9:25] ರಮಾ ಮೇಡಂ: ದಿನೇಶ, ಆ ಎಚ್ಚರಿಕೆ ಎಸೆನ್ಷಿಯಲ್, ಅಂದರೆ ಸಿಸ್ಟಮ್‌ಗೆ ಅನಿವಾರ್ಯ, ಅಂತ ಗುರುತು ಇರುವ ಪ್ಯಾಕೇಜುಗಳಿಗೆ ಮಾತ್ರ. ಬ್ಯಾಶ್, ಕೋರ್‌ಯುಟಿಲ್ಸ್, ಡಿಪಿಕೆಜಿ, ಪರ್ಲ್-ಬೇಸ್ ಇಂಥವು. ಪೈಥಾನ್3ಕ್ಕೆ ಆ ಗುರುತು ಇಲ್ಲ. ಅದಕ್ಕೇ ಆಪ್ಟ್ ಉದ್ದದ ಪಟ್ಟಿ ತೋರಿಸಿ ಬರೀ ಹೌದಾ ಇಲ್ಲವಾ ಅಂತ ಕೇಳುತ್ತದೆ. ವಿದ್ಯಾರ್ಥಿಗಳು ಪಟ್ಟಿ ಓದದೆ ಎಂಟರ್ ಒತ್ತುತ್ತಾರೆ. ನೀನು ಹೇಳಿದ ವಾಕ್ಯ ಹೆಚ್ಚು ಜನಕ್ಕೆ ಗೊತ್ತಾಗಿದ್ದು 2021ರ ನವೆಂಬರ್‌ನಲ್ಲಿ, ಒಬ್ಬ ಯೂಟ್ಯೂಬರ್ ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕಲು ಹೋಗಿ ಡೆಸ್ಕ್‌ಟಾಪ್ ಪೂರ್ತಿ ಕಳೆದುಕೊಂಡಾಗ. ಅವರು ಆ ವಾಕ್ಯವನ್ನು ಟೈಪ್ ಮಾಡಿಯೇ ಮುಂದೆ ಹೋಗಿದ್ದರು. ಆಮೇಲೆ ಆಪ್ಟ್ ಆ ಪ್ರಶ್ನೆಯನ್ನೇ ತೆಗೆದುಹಾಕಿತು. ಈಗ --ಅಲೌ-ರಿಮೂವ್-ಎಸೆನ್ಷಿಯಲ್ ಅಂತ ಬೇರೆಯಾಗಿ ಕೊಡದೆ ಅವು ಹೋಗುವುದಿಲ್ಲ.

[9:27] ಸೀನ: ಸರಿ, 1ನೇ ಸಾಲು ಬಿಡ್ತೀನಿ. ಆದರೆ ಈಗಾಗಲೇ ರೀಬೂಟ್ ಮಾಡಿ ಕಪ್ಪು ಪರದೆ ನೋಡ್ತಾ ಕೂತವನಿಗೆ ರಿಕವರಿ ಮೋಡೇ ಗತಿ ಅಲ್ವಾ?

[9:33] ಶೋಭಾ: ಮೊದಲು ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ನೋಡಲಿ. ಅಕ್ಷರದ ಕನ್ಸೋಲ್‌ಗೆ ಪೈಥಾನ್ ಬೇಕಿಲ್ಲ, ಲಾಗಿನ್ ಆಗುತ್ತೆ. ರಿಕವರಿ ಮೋಡ್‌ನಲ್ಲಿ ಎರಡು ತೊಡಕು. ರೂಟ್ ಫೈಲ್‌ಸಿಸ್ಟಮ್ ಓದಲು ಮಾತ್ರ ಅನ್ನೋ ಸ್ಥಿತಿಯಲ್ಲಿರುತ್ತೆ, 'ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /' ಕೊಡದೆ ಆಪ್ಟ್ ಒಂದಕ್ಷರವನ್ನೂ ಬರೆಯಲ್ಲ. ನಿನ್ನ ಫಾರ್ವರ್ಡ್‌ನಲ್ಲಿ ಅದೇ ಇಲ್ಲ. ಎರಡನೆಯದು ನೆಟ್. ಮೆನುವಿನಲ್ಲಿ ನೆಟ್‌ವರ್ಕ್ ಅಂತ ಸಾಲಿದೆ, ಆದರೆ ನೆಟ್ ಎಬ್ಬಿಸೋ ಪ್ಯಾಕೇಜುಗಳೇ ಹೋಗಿದ್ದರೆ ಅದರಿಂದ ಏನೂ ಆಗಲ್ಲ. ಲೈವ್ ಯುಎಸ್‌ಬಿ (ಪೆನ್‌ಡ್ರೈವ್‌ನಿಂದಲೇ ಓಡೋ ಉಬುಂಟು) ಹಾಕಿ ಚ್ರೂಟ್ ಮಾಡೋದೇ, ಅಂದ್ರೆ ಅಲ್ಲಿಂದ ಡಿಸ್ಕಿನ ಸಿಸ್ಟಮ್ ಒಳಗೆ ಹೊಕ್ಕು ಕೆಲಸ ಮಾಡೋದೇ, ಸಲೀಸು. ವೈಫೈ, ಫೋನಿನ ಯುಎಸ್‌ಬಿ ಟೆದರಿಂಗ್ ಎರಡೂ ಅಲ್ಲಿ ಸಾಮಾನ್ಯವಾಗಿ ಕೆಲಸ ಮಾಡುತ್ತೆ.

[9:34] ಸೀನ: ಅದೇ ವರ್ಷನ್ನಿನ ಯುಎಸ್‌ಬಿ ಬೇಕಲ್ಲ, ಹಾಸ್ಟೆಲ್‌ನಲ್ಲಿ ಎಲ್ಲಿಂದ ತರ್ತಾರೆ?

[9:41] ಶೋಭಾ: ಚ್ರೂಟ್‌ಗೆ ಅದೇ ವರ್ಷನ್ ಬೇಕಿಲ್ಲ. ಒಳಗೆ ಹೋದ ಮೇಲೆ ಓಡೋ ಆಪ್ಟ್, ಲೈಬ್ರರಿ, ಸೋರ್ಸ್ ಪಟ್ಟಿ ಎಲ್ಲಾ ಡಿಸ್ಕಿನದೇ. ಯುಎಸ್‌ಬಿಯಿಂದ ಬರೋದು ಕರ್ನೆಲ್ ಮಾತ್ರ. 64 ಬಿಟ್ ಸಿಸ್ಟಮ್‌ಗೆ 64 ಬಿಟ್ ಯುಎಸ್‌ಬಿ ಇರಬೇಕು, ಕರ್ನೆಲ್ ತೀರಾ ಹಳೆಯದಾಗಿರಬಾರದು, ಅಷ್ಟೇ.

'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಟ್ಟು ರೂಟ್ ಪಾರ್ಟಿಷನ್ ಯಾವುದು ಅಂತ ಗುರುತಿಸಿ /ಎಂಎನ್‌ಟಿ ಮೇಲೆ ಮೌಂಟ್ ಮಾಡಬೇಕು. /ಬೂಟ್ ಬೇರೆ ಇದ್ದರೆ ಅದು, ಇಎಫ್‌ಐ ಪಾರ್ಟಿಷನ್ ಇದ್ದರೆ /ಬೂಟ್/ಇಎಫ್‌ಐ ಮೇಲೆ. ಆಮೇಲೆ ಡೆವ್, ಡೆವ್/ಪಿಟಿಎಸ್, ಪ್ರೊಕ್, ಸಿಸ್, ರನ್ ಈ ಐದನ್ನೂ 'ಮೌಂಟ್ --ಬೈಂಡ್'. ಕೊನೆಗೆ 'ಚ್ರೂಟ್ /ಎಂಎನ್‌ಟಿ'.

[9:43] ದಿನೇಶ: ರಿಸಾಲ್ವ್.ಕಾನ್ಫ್ ಫೈಲ್ ಕಾಪಿ ಮಾಡ್ಲಿಕ್ಕೆ ಬಿಟ್ಟಿ ನೋಡು. ಅದಿಲ್ಲದೆ ಒಳಗೆ ಡಿಎನ್‌ಎಸ್ (ಸೈಟಿನ ಹೆಸರಿಂದ ವಿಳಾಸ ಹುಡುಕುವುದು) ಬರುವುದಿಲ್ಲ.

[9:46] ಶೋಭಾ: ಬೇಕಾಗಿಯೇ ಬಿಟ್ಟೆ ದಿನೇಶ. ಉಬುಂಟುವಿನಲ್ಲಿ ಅದು ರನ್ ಡೈರೆಕ್ಟರಿಯೊಳಗಿನ ಫೈಲಿಗೆ ಕಟ್ಟಿದ ಲಿಂಕ್. ರನ್ ಬೈಂಡ್ ಮಾಡಿದ್ದರೆ ಯುಎಸ್‌ಬಿಯ ಡಿಎನ್‌ಎಸ್ ಒಳಗೂ ಸಿಗುತ್ತೆ. ಲಿಂಕ್ ಕಿತ್ತು ಅಲ್ಲಿ ಫೈಲ್ ಇಟ್ಟರೆ ಈಗ ಕೆಲಸ ನಡೆಯುತ್ತೆ. ಆಮೇಲೆ ಬೇರೆ ವೈಫೈಗೆ ಹೋದಾಗ ಹೆಸರು ಸಿಗದೆ ಒದ್ದಾಡಬೇಕಾಗಬಹುದು, ಕಾರಣ ಯಾರಿಗೂ ನೆನಪಿರಲ್ಲ.

[9:47] ದಿನೇಶ: ಹೌದು, ಇದು ಸರಿ.

[9:49] ಸೀನ: ಒಳಗೆ ಹೋದ ಮೇಲೆ ನನ್ನ 3ನೇ ಸಾಲೇ ತಾನೇ? ಉಬುಂಟು-ಡೆಸ್ಕ್‌ಟಾಪ್ ಹಾಕೋದು?

[9:56] ಬಸು: ಲೇ ಸೀನ್ಯಾ, ಹಂಗಲ್ಲೋ. ಅದು ಬರೇ ಮೆಟಾಪ್ಯಾಕೇಜ್. ತನಗ ಬೇಕಾದ್ದನ್ನ ತರ್ತೈತಿ, ಹುಡುಗೂರು ಆಮ್ಯಾಲೆ ಹಾಕ್ಕೊಂಡಿದ್ದು ತರೂದಿಲ್ಲ. ಏನೇನು ಹೋಗೈತಿ ಅನ್ನೂದು ಆಪ್ಟ್ ಬರದಿಟ್ಟಿರ್ತೈತಿ: /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್. ಯಾವ ಕಮಾಂಡ್, ಎಷ್ಟೊತ್ತಿಗೆ, ಅದರ ಕೆಳಗ 'ರಿಮೂವ್:' ಅಂತ ಒಂದ ಉದ್ದನ್ನ ಸಾಲು. ಆ ಸಾಲು ತಗೊಂಡು, ಕಂಸದಾಗಿನ ವರ್ಷನ್ ಮತ್ತ ಅಲ್ಪವಿರಾಮ ಸೆಡ್ ಅನ್ನೋ ಕಮಾಂಡಿನಿಂದ ತಗದು, ಉಳಿದದ್ದನ್ನ ಆಪ್ಟ್-ಗೆಟ್ ಇನ್‌ಸ್ಟಾಲ್‌ಗೆ ಕೊಡೂದು. ಹೆಸರಿನ ಹಿಂದಿನ ':ಎಎಂಡಿ64' ಬಾಲ ಇರಲಿ, ಆಪ್ಟ್‌ಗೆ ತಿಳಿತೈತಿ. ವರ್ಷನ್ ಮಾತ್ರ ಕೊಡಬ್ಯಾಡ್ರಿ. ಸರ್ವರ್‌ನಾಗ ಹೊಸಾದು ಬಂದಿದ್ರ ಹಳೇದು ಸಿಗೂದಿಲ್ಲ ಅಂತ ನಿಂತಬಿಡ್ತೈತಿ. ತಿಂಗಳು ದಾಟಿದ್ರ ಲಾಗ್ ತಿರುಗಿ ಹಿಸ್ಟರಿ.ಲಾಗ್.1.ಜಿಝಡ್ ಆಗಿರ್ತೈತಿ, ಝಡ್‌ಕ್ಯಾಟ್‌ನಿಂದ ನೋಡಬೇಕು.

[9:59] ಶೋಭಾ: ಮೊದಲು 'ಆಪ್ಟ್-ಗೆಟ್ -ಎಸ್ ಇನ್‌ಸ್ಟಾಲ್' ಅಂತ ಒಣ ಅಭ್ಯಾಸ ಮಾಡಿಸು ಬಸು. -ಎಸ್ ಕೊಟ್ಟರೆ ಏನೂ ಬದಲಾಗಲ್ಲ, ಏನು ಮಾಡ್ತೀನಿ ಅಂತ ಹೇಳುತ್ತೆ ಅಷ್ಟೇ. ಅದರಲ್ಲಿ 'ರೆಮ್ವ್' ಅಂತ ಶುರುವಾಗೋ ಸಾಲು ಒಂದೇ ಒಂದು ಇದ್ದರೂ ನಿಲ್ಲಿಸಬೇಕು. ಯಾವುದೋ ಹೊರಗಿನ ಪಿಪಿಎ (ಬೇರೆಯವರು ಇಟ್ಟ ಪ್ಯಾಕೇಜ್ ಭಂಡಾರ) ಅಡ್ಡ ಬಂದಿರಬಹುದು.

[10:03] ಸೀನ: ಸರಿ, ಒಪ್ಪಿದೆ, ಪಟ್ಟಿ ಒಳ್ಳೇದು. ಆದರೆ 4ನೇ ಸಾಲಿನ ಮೇಲೆ ಯಾಕಿಷ್ಟು ಸಿಟ್ಟು? ಆಟೋರಿಮೂವ್ ಬೇಡದ್ದನ್ನೇ ತಾನೇ ತೆಗೆಯೋದು?

[10:12] ಶೋಭಾ: ಬೇಡದ್ದು ಅಂತ ಯಾರು ತೀರ್ಮಾನ ಮಾಡ್ತಾರೆ ಹೇಳು. ಯಾವುದೋ ಪ್ಯಾಕೇಜಿಗೆ ಬೇಕು ಅಂತ ಜೊತೆಗೆ ಬಂದ ಲೈಬ್ರರಿಗೆ ಆಪ್ಟ್ 'ಆಟೋ' ಅಂತ ಗುರುತು ಹಾಕಿರುತ್ತೆ. ಕರೆತಂದ ಪ್ಯಾಕೇಜೇ ಈಗ ಪೈಥಾನ್ ಜೊತೆ ಹೋಗಿದೆ. ಆಪ್ಟ್ ಕಣ್ಣಿಗೆ ಆ ಲೈಬ್ರರಿಗಳೆಲ್ಲ ಅನಾಥ. ಸಿಸ್ಟಮ್ ಅರ್ಧ ಕಿತ್ತುಹೋದ ಹೊತ್ತಲ್ಲೇ ಅನಾಥರ ಪಟ್ಟಿ ಅತಿ ಉದ್ದ ಇರೋದು. ಆ ಹೊತ್ತಲ್ಲಿ ಆಟೋರಿಮೂವ್ ಅಂದ್ರೆ ಗಾಯದ ಮೇಲೆ ಬರೆ ಎಳೆದಂಗೆ. ಅರ್ಧ ಗಂಟೆಯಲ್ಲಿ ಸರಿಹೋಗೋದು ದಿನವಿಡೀ ಆಗುತ್ತೆ. ಈಗಾಗಲೇ ಕೊಟ್ಟುಬಿಟ್ಟವರು ಹಿಸ್ಟರಿ.ಲಾಗ್‌ನಲ್ಲಿ ಅದರದ್ದೂ ಒಂದು 'ರಿಮೂವ್:' ಸಾಲು ಹುಡುಕಿ ಎರಡೂ ಪಟ್ಟಿ ಸೇರಿಸಬೇಕು.

[10:15] ಶೋಭಾ: ಫೋರ್ಸ್-ಆಲ್ ಇನ್ನೊಂದು. ಅದು ಒಂದು ಬಲವಂತ ಅಲ್ಲ, ಎಲ್ಲಾ ಬಲವಂತಗಳ ಮೂಟೆ. ಅವಲಂಬನೆ ನೋಡಬೇಡ, ಬೇರೆ ಪ್ಯಾಕೇಜಿನ ಫೈಲ್ ಮೇಲೆ ಬರೆ, ತಪ್ಪು ಆರ್ಕಿಟೆಕ್ಚರ್ ಆದರೂ ಹಾಕು, ಎಸೆನ್ಷಿಯಲ್ ಆದರೂ ತೆಗಿ. ಎರರ್ ಮಾಯ ಆಗುತ್ತೆ, ತೊಂದರೆ ಒಳಗೇ ಉಳಿಯುತ್ತೆ. ಇನ್‌ಸ್ಟಾಲ್ ಮಧ್ಯೆ ನಿಂತರೆ ಕೊಡಬೇಕಾದ್ದು 'ಡಿಪಿಕೆಜಿ --ಕಾನ್ಫಿಗರ್ -ಎ', ಆಮೇಲೆ 'ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'. ಅವೆರಡೂ ಸೋತರೆ ಎರರ್ ಓದಬೇಕು, ಬಾಯಿ ಮುಚ್ಚಿಸಬಾರದು.

[10:21] ರಮಾ ಮೇಡಂ: ಬಸವರಾಜ ಹೇಳಿದ ದಾರಿಗೆ ಒಂದು ಮಾತು ಸೇರಿಸುತ್ತೇನೆ. ಪಟ್ಟಿಯನ್ನು ಕೈಯಿಂದ ಕೊಟ್ಟು ಹಾಕಿದರೆ ಎಲ್ಲಾ ಪ್ಯಾಕೇಜುಗಳಿಗೂ 'ಮ್ಯಾನುಯಲ್' ಗುರುತು ಬೀಳುತ್ತದೆ, ಹಳೆಯ 'ಆಟೋ' ಗುರುತು ಅಳಿಸಿಹೋಗುತ್ತದೆ. ಆ ಗುರುತುಗಳು ಇರುವುದು /ವಾರ್/ಲಿಬ್/ಆಪ್ಟ್/ಎಕ್ಸ್‌ಟೆಂಡೆಡ್_ಸ್ಟೇಟ್ಸ್ ಫೈಲಿನಲ್ಲಿ. ಅದರ ಹಿಂದಿನ ಪ್ರತಿಗಳು /ವಾರ್/ಬ್ಯಾಕಪ್ಸ್‌ನಲ್ಲಿ ಇರುತ್ತವೆ. ಎಲ್ಲ ಸರಿಹೋದ ಮೇಲೆ, ಈಗಿನ ಫೈಲನ್ನು ಪಕ್ಕಕ್ಕೆ ಎತ್ತಿಟ್ಟು, ಅನಾಹುತಕ್ಕೆ ಮುಂಚಿನ ಪ್ರತಿಯನ್ನು ಅಲ್ಲಿಗೆ ತರಬಹುದು.

ಅದೇ ಜಾಗದಲ್ಲಿ ಡಿಪಿಕೆಜಿ.ಸ್ಟೇಟಸ್.0 ಕೂಡ ಸಿಗುತ್ತದೆ. ಲಾಗ್ ಕಳೆದುಹೋಗಿದ್ದರೆ ಏನಿತ್ತು ಅಂತ ನೋಡಲು ಅದು ಒಳ್ಳೆಯ ಪಟ್ಟಿ. ಆದರೆ ಅದನ್ನು ಡಿಪಿಕೆಜಿಯ ಸ್ಟೇಟಸ್ ಫೈಲ್ ಮೇಲೆ ಕಾಪಿ ಮಾಡಲೇಬಾರದು. ಫೈಲುಗಳಿಲ್ಲದಿದ್ದರೂ ಎಲ್ಲ ಇದೆ ಅಂತ ಡಿಪಿಕೆಜಿ ನಂಬಿಬಿಡುತ್ತದೆ.

[10:24] ದಿನೇಶ: ಮೇಡಂ, ಪೈಥಾನ್ ಇಲ್ಲದೆ ಆಪ್ಟ್ ಹೇಗೆ ಓಡ್ತದೆ ಅಂತ ಹುಡುಗರು ಕೇಳಿಯೇ ಕೇಳ್ತಾರೆ.

[10:28] ರಮಾ ಮೇಡಂ: ಆಪ್ಟ್ ಬರೆದಿರುವುದು ಸಿ ಪ್ಲಸ್ ಪ್ಲಸ್‌ನಲ್ಲಿ, ಡಿಪಿಕೆಜಿ ಸಿ ಭಾಷೆಯಲ್ಲಿ, ಸ್ವಲ್ಪ ಪರ್ಲ್. ಹಾಗಾಗಿ ಉಬುಂಟು, ಡೆಬಿಯನ್‌ಗಳಲ್ಲಿ ದುರಸ್ತಿ ಸಾಧ್ಯ. ಸೆಂಟ್‌ಓಎಸ್ 7 ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಆಪ್ಟ್ ಜಾಗದಲ್ಲಿರುವ ಯಮ್ ಇರುವುದೇ ಪೈಥಾನ್ 2.7ರಲ್ಲಿ. ಅಲ್ಲಿ ಪೈಥಾನ್ ಹೋದರೆ ಯಮ್ ಕೂಡ ಏಳುವುದಿಲ್ಲ. ಐಎಸ್‌ಒದೊಳಗಿನ ಪ್ಯಾಕೇಜಸ್ ಡೈರೆಕ್ಟರಿಯಿಂದ ಪೈಥಾನ್‌ನ ಆರ್‌ಪಿಎಂ ಫೈಲುಗಳನ್ನು ತೆಗೆದು ನೇರ ಆರ್‌ಪಿಎಂ ಕಮಾಂಡಿನಿಂದ ಹಾಕಬೇಕು. 2024ರ ಜೂನ್ 30ಕ್ಕೆ ಅದರ ಬೆಂಬಲ ಮುಗಿದಿದೆ, ಆದರೂ ಹಳೆಯ ಲ್ಯಾಬುಗಳಲ್ಲಿ ಸಿಗುತ್ತದೆ. ಪಿನ್ ಮಾಡುವ ಸಂದೇಶದಲ್ಲಿ 'ಉಬುಂಟುಗೆ ಮಾತ್ರ' ಅಂತ ಸ್ಪಷ್ಟವಾಗಿ ಬರೆಯಿರಿ.

[10:30] ಸೀನ: ಬರೀತೀನಿ ಮೇಡಂ. ಒಂದು ಪ್ರಶ್ನೆ. ಪೈಥಾನ್ ಬದಲು ಲಿಬ್‌ಸಿ6, ಅಂದ್ರೆ ಹೆಚ್ಚುಕಮ್ಮಿ ಎಲ್ಲಾ ಪ್ರೋಗ್ರಾಮ್‌ಗೂ ಬೇಕಾದ ಸಿ ಲೈಬ್ರರಿ, ಹೋದರೆ? ಆಗಲೂ ಚ್ರೂಟ್ ಸಾಕಾ?

[10:39] ಬಸು: ಸಾಲೂದಿಲ್ಲ. ಆಪ್ಟ್ ಅದನ್ನ ಸುಮ್ಮನ ತಗಿಯೂದಿಲ್ಲ, ಡಿಪಿಕೆಜಿಗೆ ಫೋರ್ಸ್ ಕೊಟ್ಟವರ ಕಥಿ ಇದು. ಮತ್ತ ನಿನ್ನ 4ನೇ ಸಾಲೇ ಬಂತು ನೋಡು. ಲಿಬ್‌ಸಿ6 ಹೋದಮ್ಯಾಲೆ 'ಎಲ್‌ಎಸ್' ಹೊಡದ್ರೂ ಅಂಥಾ ಫೈಲ್ ಇಲ್ಲ ಅಂತೈತಿ. ಎಲ್‌ಎಸ್ ಫೈಲ್ ಅಲ್ಲೇ ಐತಿ, ಅದನ್ನ ಎತ್ತಿ ಓಡಿಸೋ ಲೋಡರ್, /ಲಿಬ್64 ಒಳಗಿನ ಎಲ್‌ಡಿ-ಲಿನಕ್ಸ್, ಇಲ್ಲ. ಚ್ರೂಟ್ ಕೊಟ್ಟರ ಬ್ಯಾಶ್‌ಗೂ ಅದ ಗತಿ. ಅದಕ್ಕ ಹೊರಗ ನಿಂತ ಮೊದಲು ಲಿಬ್‌ಸಿ6 ಬಿಚ್ಚಿ ಹಾಕಬೇಕು. ಇಲ್ಲಿ ಮಾತ್ರ ಯುಎಸ್‌ಬಿ ಅದೇ ರಿಲೀಸಿಂದು ಇರಲಿ. 22.04ರಾಗ ಗ್ಲಿಬ್‌ಸಿ (ಲಿಬ್‌ಸಿ6ರೊಳಗಿನ ಲೈಬ್ರರಿ) 2.35, 24.04ರಾಗ 2.39, ಬೆರಕಿ ಮಾಡಬ್ಯಾಡ್ರಿ. ಲೈವ್‌ನಾಗ 'ಆಪ್ಟ್ ಡೌನ್‌ಲೋಡ್ ಲಿಬ್‌ಸಿ6' ಕೊಟ್ಟು, 'ಡಿಪಿಕೆಜಿ-ಡೆಬ್ -ಎಕ್ಸ್'ನಿಂದ /ಎಂಎನ್‌ಟಿಗೆ ಬಿಚ್ಚೂದು.

[10:44] ಶೋಭಾ: ಬಸು, -ಎಕ್ಸ್ ಬೇಡ! 22.04ರಲ್ಲಿ /ಲಿಬ್ ಅನ್ನೋದು /ಯುಎಸ್‌ಆರ್/ಲಿಬ್‌ಗೆ ಕಟ್ಟಿದ ಲಿಂಕ್. ಆದರೆ ಲಿಬ್‌ಸಿ6ರ ಡೆಬ್ ಫೈಲಿನೊಳಗೆ ಹಾದಿ ಇರೋದು /ಲಿಬ್ ಅಂತಲೇ. ನೇರ ಬಿಚ್ಚಿದರೆ ಆ ಲಿಂಕ್ ಹೋಗಿ ಅಲ್ಲೊಂದು ನಿಜವಾದ ಡೈರೆಕ್ಟರಿ ಬಂದು ಕೂರಬಹುದು. ಉಳಿದ ಲೈಬ್ರರಿಗಳೆಲ್ಲ /ಯುಎಸ್‌ಆರ್/ಲಿಬ್‌ನಲ್ಲಿ, ಇದೊಂದೇ /ಲಿಬ್‌ನಲ್ಲಿ. ಒಂದು ಕೆಟ್ಟದ್ದು ಎರಡಾಯ್ತು. 'ಡಿಪಿಕೆಜಿ-ಡೆಬ್ --ಎಫ್‌ಸಿಸ್-ಟಾರ್‌ಫೈಲ್' ಕೊಟ್ಟು, ಅದನ್ನ ಪೈಪ್ ಮಾಡಿ ಟಾರ್‌ಗೆ --ಕೀಪ್-ಡೈರೆಕ್ಟರಿ-ಸಿಮ್‌ಲಿಂಕ್ ಜೊತೆ ಬಿಚ್ಚಿಸಬೇಕು.

[10:47] ಬಸು: ಹೌದವ್ವ, ಲಿಂಕಿನ ಮಾತು ಖರೆ. ಟಾರ್ ದಾರಿನೇ ಛಲೋ. ಬಿಚ್ಚಿದಮ್ಯಾಲೆ ಚ್ರೂಟ್ ಏಳ್ತೈತಿ. ಆದ್ರ ಡಿಪಿಕೆಜಿ ಲೆಕ್ಕದಾಗ ಲಿಬ್‌ಸಿ6 ಇನ್ನೂ ಇಲ್ಲ, ಅದಕ್ಕ ಒಳಗ ಹೋದಕೂಡ್ಲೆ ಆಪ್ಟ್‌ನಿಂದ ಮತ್ತ ಸರಿಯಾಗಿ ಹಾಕಬೇಕು.

[10:52] ದಿನೇಶ: ಇನ್ನೊಂದು ಉಂಟು. ಪಟ್ಟಿಯಲ್ಲಿ ಬೂಟ್ ಆಗ್ಲಿಕ್ಕೆ ಬೇಕಾದ ಲಿನಕ್ಸ್-ಇಮೇಜ್ ಅಥವಾ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಹೋಗಿದ್ರೆ ಚ್ರೂಟ್‌ನಿಂದ ಹೊರಗೆ ಬರುವ ಮೊದಲು 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್', ಮತ್ತೆ 'ಅಪ್‌ಡೇಟ್-ಗ್ರಬ್'. /ಬೂಟ್ ಬೇರೆ ಪಾರ್ಟಿಷನ್ ಆಗಿದ್ದು ಮೌಂಟ್ ಮಾಡ್ಲಿಕ್ಕೆ ಮರೆತಿದ್ರೆ ಇವೆರಡೂ ಖಾಲಿ ಡೈರೆಕ್ಟರಿಯಲ್ಲಿ ಕೆಲಸ ಮಾಡಿದ ಹಾಗೆ ಆಗ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ರೆ ಎಲ್ಲಕ್ಕಿಂತ ಮೊದಲು 'ಕ್ರಿಪ್ಟ್‌ಸೆಟಪ್ ಓಪನ್', ಎಲ್‌ವಿಎಂ ಇದ್ದರೆ 'ವಿಜಿಚೇಂಜ್ -ಎ ವೈ'.

[10:58] ಸೀನ: 1 ಮತ್ತು 4 ತೆಗೆದೆ. 2ರ ಜಾಗಕ್ಕೆ ಚ್ರೂಟ್, 3ರ ಜಾಗಕ್ಕೆ ಹಿಸ್ಟರಿ.ಲಾಗ್. ಲಿಬ್‌ಸಿ6 ಬೇರೆ ಸಂದೇಶ ಮಾಡ್ತೀನಿ, ಸೇರಿಸಿದರೆ ಹೆದರ್ತಾರೆ. ಆದರೆ 5ನೇ ಸಾಲು ಬಿಡಲ್ಲ. ಲ್ಯಾಬಿನ ಮಷೀನ್‌ಗೆ ಇಷ್ಟೆಲ್ಲಾ ಯಾಕೆ? ಇಮೇಜ್ ಇದೆ, ಮತ್ತೆ ಹಾಕಿದರೆ ಮುಗೀತು.

[11:01] ಶೋಭಾ: ಲ್ಯಾಬಿನ ಮಷೀನ್‌ಗೆ ಒಪ್ಪಿದೆ. ಸ್ವಂತ ಲ್ಯಾಪ್‌ಟಾಪ್‌ಗೆ ಒಪ್ಪಲ್ಲ. ಆಪ್ಟ್ /ಹೋಮ್ ಮುಟ್ಟಲ್ಲ, ಪ್ರಾಜೆಕ್ಟ್ ಪೂರ್ತಿ ಅಲ್ಲೇ ಇದೆ. ಫಾರ್ಮ್ಯಾಟ್ ಅಂತ ಓದಿದ ಹುಡುಗ ಅದನ್ನೂ ಅಳಿಸಿಬಿಡ್ತಾನೆ.

[11:04] ಸೀನ: ರಿಮೂವ್ ಬದಲು ಪರ್ಜ್ ಕೊಟ್ಟಿದ್ದರೆ? /ಇಟಿಸಿಯಲ್ಲಿನ ಸೆಟ್ಟಿಂಗ್ ಫೈಲುಗಳೂ ಹೋಗಿರುತ್ತಲ್ಲ.

[11:08] ಶೋಭಾ: ಲಾಗ್‌ನಲ್ಲಿ 'ರಿಮೂವ್:' ಬದಲು 'ಪರ್ಜ್:' ಅಂತ ಇರುತ್ತೆ, ಪಟ್ಟಿ ತೆಗೆಯೋ ದಾರಿ ಅದೇ. ಡೆಸ್ಕ್‌ಟಾಪ್‌ನಲ್ಲಿ ಡೀಫಾಲ್ಟ್ ಸೆಟ್ಟಿಂಗ್ ಬಂದರೆ ನಷ್ಟ ಕಡಿಮೆ. ಕೈಯಾರೆ ತಿದ್ದಿದ ಅಪಾಚೆ, ಡೇಟಾಬೇಸ್ ಕಾನ್ಫಿಗ್ ಇದ್ದ ಸರ್ವರ್ ಆದರೆ ಬ್ಯಾಕಪ್‌ನಿಂದ ತರಬೇಕು. 5ನೇ ಸಾಲು ಇಟ್ಟುಕೋ, ಆದರೆ ಹೀಗೆ ಬರಿ: 'ಮೊದಲು ಲೈವ್ ಯುಎಸ್‌ಬಿಯಿಂದ /ಹೋಮ್ ಬೇರೆ ಡಿಸ್ಕಿಗೆ ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಮಾತ್ರ ಹೊಸದಾಗಿ ಹಾಕಿ.'

[11:10] ರಮಾ ಮೇಡಂ: ಶ್ರೀನಿವಾಸ, ಎಲ್ಲಕ್ಕಿಂತ ಮೇಲೆ ಒಂದು ಸಾಲು ಹಾಕಪ್ಪ: ಬೇರೆ ಪೈಥಾನ್ ಬೇಕಾದರೆ ಸಿಸ್ಟಮ್‌ನದನ್ನು ತೆಗೆಯಬೇಡಿ, ಪಕ್ಕದಲ್ಲಿ ಹಾಕಿಕೊಂಡು ವೆನ್ವ್ (ಪ್ರಾಜೆಕ್ಟಿಗೆ ಪ್ರತ್ಯೇಕ ಪೈಥಾನ್ ಪರಿಸರ) ಮಾಡಿಕೊಳ್ಳಿ. /ಯುಎಸ್‌ಆರ್/ಬಿನ್/ಪೈಥಾನ್3 ಲಿಂಕನ್ನೂ ತಿರುಗಿಸಬೇಡಿ. 22.04ರ ಟರ್ಮಿನಲ್ ಮತ್ತು ಪಿಪಿಎ ಸೇರಿಸುವ ಕಮಾಂಡ್ 3.10ಕ್ಕೆ ಕಟ್ಟಿದವು, 3.11 ಕೊಟ್ಟರೆ ಟರ್ಮಿನಲ್ ತೆರೆಯುವುದಿಲ್ಲ, ಪಿಪಿಎ ಕಮಾಂಡ್ ಆಪ್ಟ್_ಪಿಕೆಜಿ ಸಿಗಲಿಲ್ಲ ಅಂತ ನಿಲ್ಲುತ್ತದೆ.

[11:13] ಸೀನ: ಆಯ್ತು ಮೇಡಂ. ತಿದ್ದಿ ಮೊದಲು ಇಲ್ಲೇ ಹಾಕ್ತೀನಿ. ಬಸು, ನೀನು ಸೆಡ್ ಸಾಲು ಒಂದು ವರ್ಚುಯಲ್ ಮಷೀನ್‌ನಲ್ಲಿ ಓಡಿಸಿ ನೋಡಿ ಕಳಿಸು. ಅದು ಬರೋವರೆಗೂ ಪಿನ್ ಮಾಡಲ್ಲ.

[11:14] ಬಸು: 22.04, 24.04 ಎರಡರಾಗೂ ನೋಡಿ ಕಳಸ್ತೀನಿ.