ಅಪ್‌ಡೇಟ್: ಜೋಡಿಸಿದ ಹೆಸರುಗಳು ನಡುವೆಯೇ ತುಂಡಾಗುತ್ತಿದ್ದ ಸಮಸ್ಯೆ

ಒಂದೊಂದು ಆರ್ಡರ್‌ಗೆ ಸೇರಿದ ವಸ್ತುಗಳ ಹೆಸರುಗಳನ್ನು ಅಲ್ಪವಿರಾಮ ಹಾಕಿ ಒಂದೇ ಸಾಲಾಗಿ ಜೋಡಿಸಿದಾಗ, ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಆ ಸಾಲು ಅರ್ಧಕ್ಕೇ ನಿಲ್ಲುವುದೇಕೆ ಎಂದು ಕೇಳಿದ್ದೆ. ಕಾರಣ ತಿಳಿಯಿತು. ಹೀಗೆ ಜೋಡಿಸಿಕೊಡುವ ಗ್ರೂಪ್_ಕಾನ್‌ಕ್ಯಾಟ್ ಫಂಕ್ಷನ್‌ನ ಫಲಿತಾಂಶಕ್ಕೆ ಡೀಫಾಲ್ಟ್ ಆಗಿ 1024 ಬೈಟ್‌ಗಳ ಮಿತಿಯಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟ್ ಹಿಡಿಯುವುದರಿಂದ, ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಕ್ಷ’ ಕೂಡ ಕಕಾರ, ಹಲಂತ ಚಿಹ್ನೆ (್), ಷಕಾರ ಸೇರಿ 9 ಬೈಟ್ ನುಂಗುತ್ತದೆ. ಸೆಷನ್‌ನಲ್ಲಿ (ಡೇಟಾಬೇಸ್ ಜೊತೆಗಿನ ಸಂಪರ್ಕದಲ್ಲಿ) ಈ ಮಿತಿಯನ್ನು ನಿಗದಿಪಡಿಸುವ ಗ್ರೂಪ್_ಕಾನ್‌ಕ್ಯಾಟ್_ಮ್ಯಾಕ್ಸ್_ಲೆನ್ ಮೌಲ್ಯವನ್ನು ಹೆಚ್ಚಿಸಿದ ಮೇಲೆ ಸಾಲುಗಳು ಪೂರ್ತಿಯಾಗಿ ಬರುತ್ತಿವೆ.

ಮಿತಿ ಮೀರಿದಾಗ ಮೈಎಸ್‌ಕ್ಯೂಎಲ್ ಬರೀ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ, ಆ ಎಚ್ಚರಿಕೆಯನ್ನು ಓದುವವರು ಅಪರೂಪ. ಇದೇ ಕೆಲಸ ಮಾಡುವ ಒರಾಕಲ್ ಡೇಟಾಬೇಸ್‌ನ ಲಿಸ್ಟ್‌ಆಗ್ ಫಂಕ್ಷನ್ ಮಾತ್ರ ದೋಷವನ್ನೇ ಎತ್ತುತ್ತದೆ, ಕತ್ತರಿಸಬೇಕಾದರೆ, 12.2 ಆವೃತ್ತಿಯಿಂದ ಈಚೆಗೆ, ‘ಆನ್ ಓವರ್‌ಫ್ಲೋ ಟ್ರಂಕೇಟ್’ ಎಂದು ನಾವೇ ಬರೆಯಬೇಕು. ಫಂಕ್ಷನ್ ವಿನ್ಯಾಸದಲ್ಲಿ ಇದೇ ಸರಿಯಾದ ಕ್ರಮವೆಂದು ನನಗನ್ನಿಸುತ್ತದೆ.

ಹೆಸರುಗಳ ಅನುಕ್ರಮ ಬದಲಾಗುತ್ತಿದ್ದುದು ಫಂಕ್ಷನ್‌ನ ಆವರಣದೊಳಗೇ ಕ್ರಮವನ್ನು ಸೂಚಿಸುವ ಆರ್ಡರ್ ಬೈ ಸೇರಿಸಿದ ಮೇಲೆ ನಿಂತಿತು. ನಲ್ (ಏನೂ ದಾಖಲಾಗದ) ಮೌಲ್ಯಗಳನ್ನು ಗ್ರೂಪ್_ಕಾನ್‌ಕ್ಯಾಟ್ ತಾನಾಗಿಯೇ ಬಿಟ್ಟುಬಿಡುತ್ತದೆ. ಆದರೆ ವಸ್ತುವಿನ ಹೆಸರಿನಲ್ಲೇ ಅಲ್ಪವಿರಾಮವಿದ್ದರೆ ಜೋಡಿಸಿದ ಸಾಲನ್ನು ಮತ್ತೆ ಬಿಡಿಸುವುದು ಅಸಾಧ್ಯವಾದ್ದರಿಂದ, ಪ್ರೋಗ್ರಾಂ ಓದುವ ಕಡೆಗಳಲ್ಲಿ ಹೆಸರುಗಳನ್ನು ಬಿಡಿಬಿಡಿಯಾಗಿಯೇ ಪಟ್ಟಿಯಾಗಿ ಕೊಡುವ ಜೇಸನ್_ಅರೇಆಗ್ ಫಂಕ್ಷನ್ ಬಳಸಿ, ಮನುಷ್ಯರು ಓದುವ ವರದಿಗೆ ಮಾತ್ರ ಹಳೆಯ ವಿಧಾನವನ್ನು ಉಳಿಸಿಕೊಂಡಿದ್ದೇನೆ.