‘ಡಿಪ್ಲೀಷನ್’ಗೆ ಕನ್ನಡದಲ್ಲಿ ಏನು? ಖೋತಾ, ಬಾಕಿ, ಕಡ...

ಎಲ್ಲರಿಗೂ ನಮಸ್ಕಾರ.

ಎರಡು ವಾರದಿಂದ ಒಂದು ಪದಕ್ಕಾಗಿ ತಲೆ ಕೆರೆದುಕೊಳ್ಳುತ್ತಿದ್ದೇನೆ. ನಾನಿರುವುದು ಅಮೆರಿಕದ ಕೊಲರಾಡೊದಲ್ಲಿ. ಗ್ರಾವೆಲ್ ತೆಗೆಯುವ ಗುಂಡಿಗಳ ನೀರಿನ ಲೆಕ್ಕ ಬರೆಯುವುದು ನನ್ನ ಕೆಲಸ. ಇಲ್ಲಿನ ಕನ್ನಡ ಬಳಗದವರು ಯುಗಾದಿ ಸಂಚಿಕೆಗೆ ಅದರ ಬಗ್ಗೆಯೇ ಎರಡು ಪುಟ ಕೇಳಿದರು. ಒಪ್ಪಿಕೊಂಡು ಕೂತರೆ ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ‘ಗ್ರಾವೆಲ್ ಗಣಿಯಿಂದಾದ ಡಿಪ್ಲೀಷನ್ ರಿಪ್ಲೇಸ್ ಮಾಡಬೇಕು.’ ಇದರಲ್ಲಿ ಕನ್ನಡ ಎಷ್ಟಿದೆ ನೀವೇ ನೋಡಿ.

ವಿಷಯ ಇಷ್ಟು. ಸೌತ್ ಪ್ಲಾಟ್ ನದಿಯ ದಂಡೆಯಲ್ಲಿ ಮೇಲ್ಮಣ್ಣಿನ ಕೆಳಗೆ ಉರುಟು ಕಲ್ಲು, ಮರಳಿನ ಪದರ ಇದೆ. ಅದರ ಸಂದಿಯಲ್ಲೇ ನೀರು ನಿಧಾನವಾಗಿ ನದಿ ಕಡೆ ಹರಿಯುತ್ತಿರುತ್ತದೆ. ಕಲ್ಲು ಅಗೆದರೆ ಆ ನೀರು ಬಿಸಿಲಿಗೆ ಬೀಳುತ್ತದೆ. ವರ್ಷಕ್ಕೆ ಮೂರಡಿಗೂ ಜಾಸ್ತಿ ಆವಿಯಾಗುತ್ತದೆ. 10 ಎಕರೆ ಗುಂಡಿಯಲ್ಲಿ ಮೂರಡಿ ಅಂದರೆ ಸುಮಾರು 3.7 ಕೋಟಿ ಲೀಟರ್! ಇದಲ್ಲದೆ ಒದ್ದೆ ಕಲ್ಲಿನ ಜೊತೆ ಹೋಗುವ ನೀರೂ ಇದೆ. ಅದನ್ನು ತೂಕದ 4% ಅಂತ ಹಿಡಿಯುವುದು ಇಲ್ಲಿನ ರೂಢಿ. 20 ಟನ್ ಲಾರಿಗೆ 800 ಲೀಟರ್. ನಮ್ಮೂರಲ್ಲಿ ಮರಳಿನ ಲಾರಿ ದಾರಿಯುದ್ದಕ್ಕೂ ನೀರು ಸುರಿಸಿಕೊಂಡು ಹೋಗುತ್ತಿತ್ತಲ್ಲ, ಅದೇ. ಇಲ್ಲಿ ಅದಕ್ಕೂ ಲೆಕ್ಕ ಇಡುತ್ತಾರೆ. ಹೀಗೆ ನದಿಗೆ ಸೇರಬೇಕಿದ್ದ ನೀರು ಕಮ್ಮಿಯಾಗುವುದೇ ‘ಡಿಪ್ಲೀಷನ್’. ಅಷ್ಟು ನೀರನ್ನು ಗಣಿಯವರು ನದಿಗೆ ತುಂಬಿಕೊಡುವುದು ‘ರಿಪ್ಲೇಸ್’.

ಮೊದಲು ಗ್ರಾವೆಲ್. ‘ಜಲ್ಲಿ’ ಅಂದರೆ ಕ್ರಷರ್‌ನಲ್ಲಿ ಒಡೆದ ಚೂಪು ಕಲ್ಲು ಕಣ್ಣಿಗೆ ಬರುತ್ತದೆ. ‘ಗರಸು’ ಅಂದರೆ ರಸ್ತೆಗೆ ಹಾಕುವ ಕೆಂಪು ಮಣ್ಣು. ಹೊಳೆಯಲ್ಲಿ ಉರುಳಿ ನುಣ್ಣಗಾದ ಕಲ್ಲಿಗೆ ‘ನೊರಜುಗಲ್ಲು’ ಸರಿ ಅನ್ನಿಸಿತು. ಆದರೆ ಈಗ ಎಷ್ಟು ಜನಕ್ಕೆ ಗೊತ್ತೋ. ಸದ್ಯಕ್ಕೆ ‘ಹೊಳೆಗಲ್ಲು’ ಅಂತ ಬರೆದುಕೊಂಡಿದ್ದೇನೆ.

ನಿಜವಾದ ತಲೆನೋವು ಡಿಪ್ಲೀಷನ್. ಪೇಪರಿನವರು ‘ಅಂತರ್ಜಲ ಕುಸಿತ’ ಅನ್ನುತ್ತಾರೆ. ಕುಸಿಯುವುದು ಮಟ್ಟ. ನಾವು ಇಲ್ಲಿ ಅಳೆಯುವುದು ಮಟ್ಟವನ್ನಲ್ಲ, ನದಿಗೆ ಎಷ್ಟು ನೀರು ಕಮ್ಮಿಯಾಯಿತು ಅನ್ನುವುದನ್ನು. ‘ಬರಿದಾಗುವುದು’ ಅಂದರೆ ಪೂರ್ತಿ ಖಾಲಿ. ‘ಸವಕಳಿ’ ಚೆನ್ನಾಗಿದೆ, ಆದರೆ ಗಣಿ ಪಕ್ಕದಲ್ಲಿ ಆ ಪದ ಇಟ್ಟರೆ ಓದುವವರು ಮಣ್ಣಿನ ಸವಕಳಿ ಅಂದುಕೊಳ್ಳುತ್ತಾರೆ. ‘ಕಡಿತ’ ಅಂದರೆ ಬೇಕಂತಲೇ ಮಾಡಿದ್ದು, ಕರೆಂಟಿನ ಹಾಗೆ. ಕೊನೆಗೆ ಉಳಿದದ್ದು ‘ಖೋತಾ’. ಬಜೆಟ್ ಸುದ್ದಿಯಲ್ಲಿ ಎಲ್ಲರೂ ಕೇಳಿದ ಪದ, ಲೆಕ್ಕದ ವಾಸನೆಯೂ ಇದೆ.

ನಿಜ ಹೇಳಬೇಕೆಂದರೆ ನನಗೆ ಮೊದಲು ಹೊಳೆದದ್ದು ‘ಬಾಕಿ’. ನದಿಗೆ ಕೊಡಬೇಕಾದ ಬಾಕಿ. ಬಹಳ ಖುಷಿಯಾಯಿತು. ಆಮೇಲೆ ತಪ್ಪು ಗೊತ್ತಾಯಿತು. ಕೊಲರಾಡೊದಲ್ಲಿ ಮೊದಲು ನೀರು ಬಳಸಿದವರಿಗೆ ಮೊದಲ ಹಕ್ಕು. 1876ರ ಅವರ ಸಂವಿಧಾನದಲ್ಲೇ ಇದು ಇದೆ. ಹಳೇ ಹಕ್ಕಿನ ಕಾಲುವೆಯವರು ‘ನಮ್ಮ ಪಾಲು ಬರುತ್ತಿಲ್ಲ’ ಅಂತ ಕೇಳಿದಾಗ ಮಾತ್ರ ಹೊಸಬರು ನೀರು ತುಂಬಿಕೊಡಬೇಕು. ಯಾರೂ ಕೇಳದೆ ನದಿ ತುಂಬಿ ಹರಿಯುವ ದಿನಗಳಲ್ಲಿ ಗುಂಡಿಯ ನೀರು ಆವಿಯಾದರೂ ಖೋತಾ ಉಂಟು, ಬಾಕಿ ಇಲ್ಲ. ಹಾಗಾಗಿ ಎರಡೂ ಪದ ಬೇಕು. ಆ ‘ಕೇಳುವುದಕ್ಕೆ’ ಇಲ್ಲಿ ‘ಕಾಲ್’ ಅನ್ನುತ್ತಾರೆ. ನಾನು ‘ತಗಾದೆ’ ಅಂತ ಹಾಕಿದ್ದೇನೆ. ಸಾಲ ಕೊಟ್ಟವನು ಮಾಡುವ ತಗಾದೆ. ಈಗ ‘ತಗಾದೆ ತೆಗೆದ’ ಅಂದರೆ ಜಗಳಕ್ಕೆ ನಿಂತ ಅನ್ನುವ ಅರ್ಥವೇ ಜಾಸ್ತಿ. ಕಾಲುವೆಯವರನ್ನು ಕಂಡವನಾಗಿ ಹೇಳುತ್ತೇನೆ, ಅದೂ ನಡೆಯುತ್ತದೆ.

ಇನ್ನು ‘ರಿಪ್ಲೇಸ್’. ‘ಮರುಪೂರಣ’ ಬೇಡ, ಅದು ನೀರು ಇಂಗಿಸುವುದಕ್ಕೆ ಆಗಲೇ ಮೀಸಲಾಗಿದೆ. ಇಲ್ಲಿ ಗಣಿಯವರು ಯಾವುದೋ ಊರಿನ ಶುದ್ಧೀಕರಿಸಿದ ನೀರನ್ನು ಗುತ್ತಿಗೆಗೆ ಹಿಡಿಯಬಹುದು. ಜಲಾಶಯದಿಂದ ಬಿಡಿಸಬಹುದು. ಹಳೇ ಕಾಲುವೆಯ ಪಾಲು ಕೊಂಡು, ಆ ಹೊಲಕ್ಕೆ ನೀರು ನಿಲ್ಲಿಸಿ ನದಿಗೆ ಬಿಡಬಹುದು. ಅದೇ ನೀರು ಆಗಬೇಕಿಲ್ಲ. ಅಷ್ಟೇ ನೀರು, ಬೇಕಾದ ಹೊತ್ತಿಗೆ, ಬೇಕಾದ ಜಾಗಕ್ಕೆ ಬರಬೇಕು. ಇದನ್ನು ಬರೆಯುವಾಗ ಅಮ್ಮ ನೆನಪಾದಳು. ಪಕ್ಕದ ಮನೆಯಿಂದ ಒಂದು ಪಾವು ಸಕ್ಕರೆ ಕಡ ತಂದರೆ ವಾರದೊಳಗೆ ಒಂದು ಪಾವು ಸಕ್ಕರೆ ವಾಪಸ್ಸು. ತಲೆ ತಟ್ಟಿದ ಪಾವು ತಂದಿದ್ದರೆ ತಲೆ ತಟ್ಟಿದ ಪಾವೇ ಕೊಡಬೇಕು. ದುಡ್ಡು ಕೊಟ್ಟರೆ ನಡೆಯುವುದಿಲ್ಲ. ಸಾಲ ಬೇರೆ, ಕಡ ಬೇರೆ. ‘ನದಿಯ ಕಡ ತೀರಿಸುವುದು’ ಅಂದರೆ ಹೇಗಿರುತ್ತದೆ?

ಇನ್ನೊಂದು ತಮಾಷೆ. 1988ರಲ್ಲಿ ಕೊಲರಾಡೊದ ಸುಪ್ರೀಂ ಕೋರ್ಟ್, ನೀರು ಕಾಣುವಂತೆ ಅಗೆದ ಗ್ರಾವೆಲ್ ಗುಂಡಿಯೂ ಕಾನೂನಿನ ಲೆಕ್ಕದಲ್ಲಿ ‘ವೆಲ್’, ಅಂದರೆ ಬಾವಿ, ಅಂತ ತೀರ್ಪು ಕೊಟ್ಟಿತು. ಬಾವಿ ಅಂದಮೇಲೆ ಪರವಾನಗಿ ಬೇಕು, ಆವಿಯ ಲೆಕ್ಕವೂ ಬೇಕು. ಮರುವರ್ಷ ಬಂದ ಕಾನೂನಿನಲ್ಲಿ 1980ರ ಡಿಸೆಂಬರ್ 31ಕ್ಕೆ ಮುಂಚೆ ತೆರೆದುಕೊಂಡ ನೀರಿನ ಆವಿಗೆ ವಿನಾಯಿತಿ ಸಿಕ್ಕಿತು. ಮಧುಗಿರಿಯಲ್ಲಿರುವ ಅಪ್ಪನಿಗೆ ವಿಡಿಯೊ ಕಾಲ್‌ನಲ್ಲಿ ಒಂದು ಗುಂಡಿ ತೋರಿಸಿ, ‘ಇದು ಬಾವಿ ಅಪ್ಪ’ ಅಂದೆ. ‘ಯಾವನೋ ಅದನ್ನ ಬಾವಿ ಅಂದವನು? ಬಾತುಕೋಳಿ ಈಜ್ತಾ ಅವೆ’ ಅಂದರು. ಸ್ವಲ್ಪ ಹೊತ್ತು ನೋಡಿ, ‘ತಲಪರಿಗೆ ಅನ್ನಬೌದೇನೋ’ ಅಂತ ಸೇರಿಸಿದರು. ನೆಲದಿಂದ ತಾನಾಗಿ ನೀರು ಒಸರುವ ಒರತೆಗೆ ನಮ್ಮ ಕಡೆ ಹಾಗನ್ನುತ್ತಾರೆ. ಆಮೇಲೆ ಹುಡುಕಿದರೆ ನಮ್ಮ ‘ಬಾವಿ’ ಬಂದಿದ್ದೇ ಸಂಸ್ಕೃತದ ‘ವಾಪಿ’ಯಿಂದ. ವಾಪಿ ಅಂದರೆ ಕೊಳ ಕೂಡ ಆಗುತ್ತದೆ! ಕೋರ್ಟಿನವರು ಅಷ್ಟೇನೂ ತಪ್ಪಿಲ್ಲ ಅಲ್ವಾ?

ಗುಂಡಿ ಸುತ್ತ ಕೆಳಗಿನ ಬಂಡೆಯವರೆಗೂ ಜೇಡಿಮಣ್ಣಿನ ಗೋಡೆ ಇಳಿಸಿ ಒಳನೀರು ಬರದಂತೆ ಮಾಡಿದರೆ ಅದು ಮತ್ತೆ ಬಾವಿ ಅಲ್ಲ, ನೀರು ಕೂಡಿಡುವ ತೊಟ್ಟಿ. ಆ ಪದಕ್ಕೆ ಚಿಂತೆಯಿಲ್ಲ.

ಈಗ ನನ್ನ ಕೇಳಿಕೆ. ಧಾರವಾಡ, ಕಲಬುರಗಿ ಕಡೆ ‘ಕಡ’ ಈ ಅರ್ಥದಲ್ಲಿ ಇದೆಯಾ, ಇಲ್ಲ ‘ಕೈಗಡ’ ಅಂತ ದುಡ್ಡಿಗೇ ಹೇಳುತ್ತೀರಾ? ಮತ್ತೆ, ಇವತ್ತು ಅಗೆದದ್ದರ ಖೋತಾ ನದಿಗೆ ತಟ್ಟುವುದು ಎಷ್ಟೋ ತಿಂಗಳು, ಕೆಲವು ಸಲ ವರ್ಷಗಳ ಮೇಲೆ. ಗಣಿ ಮುಚ್ಚಿದ ಮೇಲೂ ಅದು ಬರುತ್ತಲೇ ಇರುತ್ತದೆ. ಹೀಗೆ ತಡವಾಗಿ ಬರುವ ಖೋತಾಗೆ ಒಂದು ಪದ ಬೇಕು. ‘ಹಿಂಖೋತಾ’ ಅಂತ ಕಟ್ಟಿ ನೋಡಿದೆ, ಕೆಮ್ಮಿದ ಹಾಗೆ ಕೇಳಿಸುತ್ತದೆ. ಬಲ್ಲವರು ತಿಳಿಸಿ. ಬರಹ ಕೊಡಲು ಇನ್ನು ಹತ್ತು ದಿನ ಇದೆ.