ಮಂಡಿಯಲ್ಲಿ ಅಪರಿಚಿತರ ಕಪ್ಪು-ಬಿಳುಪು ಫೋಟೋ: ಮುಖ, ಹಣ್ಣು, ಬಾಕ್ಸ್ ಎಲ್ಲಾ ಒಂದೇ ಬೂದು ಆಗ್ತಿದೆ, ಏನು ಮಾಡಬೇಕು?

ಮಂಡಿಬೆಳಕು, ಕೋಲಾರ

ಕೋಲಾರದ ಎಪಿಎಂಸಿ ಟೊಮೆಟೊ ಮಂಡಿ, ಗಡಿಯಾರ ಗೋಪುರದ ಸುತ್ತಮುತ್ತ, ಹಳೇ ಬಸ್ ನಿಲ್ದಾಣ. ಈ ಮೂರು ಕಡೆಯ ಜನರನ್ನು ಕಪ್ಪು-ಬಿಳುಪಿನಲ್ಲಿ ತೆಗೀಬೇಕು ಅಂತ ಇದೆ. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್‌ನ ಕ್ಯಾಮೆರಾ, 24 ಎಂಎಂ ಎಫ್/2.8 ಲೆನ್ಸ್. ರಾ ಫೈಲ್‌ನಲ್ಲಿ (ಸೆನ್ಸರ್ ಕಂಡ ಕಚ್ಚಾ ಮಾಹಿತಿ) ತೆಗೆದು ಕಂಪ್ಯೂಟರ್‌ನಲ್ಲಿ ಬಣ್ಣ ಕಳೆಯೋದು.

ತೊಂದರೆ ಮೂರು. ತಲೆಗೆ ಟವೆಲ್ ಸುತ್ತಿದ ಹಮಾಲಿಗಳ ಮುಖ ಪೂರ್ತಿ ಕಪ್ಪಾಗುತ್ತೆ. ಅದನ್ನು ಎತ್ತೋಕೆ ಹೋದರೆ ಬಿಳಿ ಅಂಗಿ, ಪಂಚೆಯಲ್ಲಿ ನೇಯ್ಗೆಯೇ ಕಾಣಲ್ಲ. ಎರಡನೇದು, ಬಣ್ಣದಲ್ಲಿ ಎದ್ದು ಕಾಣುವ ಹಣ್ಣು, ಮುಖ, ಹಿಂದಿನ ಬಾಕ್ಸ್ ರಾಶಿ ಮೂರೂ ಕಪ್ಪು-ಬಿಳುಪಿಗೆ ಬಂದ ಕೂಡಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೂರನೇದು, 15 ಕೆ.ಜಿ. ಬಾಕ್ಸ್ ಹೊತ್ತು ಓಡುವವರ ಮೇಲೆ ಆಟೋಫೋಕಸ್ ನಿಲ್ಲೋದೇ ಇಲ್ಲ. ಹಿಂದಿನ ಲಾರಿ ಶಾರ್ಪ್, ಮನುಷ್ಯ ಮಸುಕು.

ಹೊಸ ಲೆನ್ಸ್ ತಗೊಳ್ಳಿ ಅನ್ನೋ ಸಲಹೆ ಬೇಡ. ಇರೋದರಲ್ಲೇ ಹೇಗೆ ಅಂತ ಹೇಳಿ.

ನೆರಳಂಚು

ಮೊದಲನೇ ತೊಂದರೆಗೆ ಪರಿಹಾರ ಇರೋದು ನೀವು ನಿಲ್ಲುವ ಜಾಗದಲ್ಲಿ, ಸಾಫ್ಟ್‌ವೇರ್‌ನಲ್ಲಿ ಅಲ್ಲ. ಕೋಲಾರ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲಿರ್ತಾನೆ, ನಡುವಿನ ತಿಂಗಳುಗಳಲ್ಲೂ ಹೆಚ್ಚು ಓರೆ ಆಗಲ್ಲ. ಬಿಸಿಲು ಮೇಲಿಂದ ಬಿದ್ದರೆ ಹುಬ್ಬಿನ ನೆರಳು ಕಣ್ಣಿನ ಗುಳಿ ತುಂಬುತ್ತೆ, ಟವೆಲ್ ಅಂಚಿನ ನೆರಳು ಮೂಗಿನವರೆಗೂ ಇಳಿಯುತ್ತೆ. ಆಗ ಬಿಸಿಲಲ್ಲಿರುವ ಬಿಳಿ ಅಂಗಿಗೂ ನೆರಳಲ್ಲಿರುವ ಮುಖಕ್ಕೂ ಆರು ಸ್ಟಾಪ್‌ವರೆಗೂ ಅಂತರ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಅಷ್ಟನ್ನೂ ಒಂದೇ ಫ್ರೇಮ್‌ನಲ್ಲಿ ಉಳಿಸಿಕೊಂಡರೂ ಚಿತ್ರ ಜೀವ ಇಲ್ಲದ ಹಾಗೆ ಸಪ್ಪೆಯಾಗುತ್ತೆ.

ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆ ಮೇಲೆ ಹೋಗಿ. ನಡುಹೊತ್ತಲ್ಲೇ ಹೋಗಬೇಕಾದರೆ ಶೆಡ್‌ನ ಸೂರಿನ ಅಂಚು ಹುಡುಕಿ. ನೆಲದ ಮೇಲೆ ಬಿಸಿಲು ಮುಗಿಯುವ ಗೆರೆಯಿಂದ ಎರಡು ಮೂರು ಅಡಿ ಒಳಗೆ ನಿಂತವರಿಗೆ ಮೇಲಿನ ಬೆಳಕನ್ನು ಶೀಟು ತಡೆಯುತ್ತೆ, ಹೊರಗಿನ ಬೆಳಕು ನೆಲದಿಂದಲೂ ಎದುರಿನ ಆಕಾಶದಿಂದಲೂ ಮುಖಕ್ಕೆ ಬೀಳುತ್ತೆ. ಕಣ್ಣಲ್ಲಿ ಹೊಳಪು ಬರೋದು ಅಲ್ಲೇ. ನೀವು ಬಿಸಿಲಿಗೆ ಬೆನ್ನು ಹಾಕಿ ನೇರ ಎದುರು ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ. ಕಪ್ಪು ಮೈಬಣ್ಣದ ಮುಖದ ಆಕಾರ ತಿಳಿಯೋದೇ ಹೊಳಪಿನಿಂದ: ಹಣೆಯ ಬೆವರು, ಕೆನ್ನೆಯ ಮೂಳೆ, ಮೂಗಿನ ಏಣು. ಪಕ್ಕದ ಬೆಳಕಿನಲ್ಲಿ ಇವು ಒಂದೊಂದಾಗಿ ಮೂಡುತ್ತವೆ, ಎದುರು ಬೆಳಕಿನಲ್ಲಿ ಚಪ್ಪಟೆಯಾಗುತ್ತವೆ.

ಇನ್ನು ಎಕ್ಸ್‌ಪೋಷರ್. ಕ್ಯಾಮೆರಾ ಇಡೀ ಫ್ರೇಮನ್ನು ನಡುಬೂದಿಗೆ ತರೋಕೆ ನೋಡುತ್ತೆ. ಬಿಳಿ ಬಟ್ಟೆ, ಆಕಾಶ ಹೆಚ್ಚಿದ್ದರೆ ಮುಖ ಮುಳುಗುತ್ತೆ. ಶೆಡ್ ಒಳಗಿನ ಕತ್ತಲೆ ಹೆಚ್ಚಿದ್ದರೆ ಅಂಗಿ ಸುಟ್ಟುಹೋಗುತ್ತೆ. ಅದಕ್ಕೆ ಮ್ಯಾನುಯಲ್‌ಗೆ ಹಾಕಿ. ಜನ ನಿಲ್ಲುವ ಅದೇ ಬೆಳಕಲ್ಲಿ ನಿಮ್ಮ ಅಂಗೈ ಚಾಚಿ, ಸ್ಪಾಟ್ ಮೀಟರ್‌ನಲ್ಲಿ (ಒಂದು ಚಿಕ್ಕ ಜಾಗದ ಬೆಳಕು ಮಾತ್ರ ಅಳೆಯುವುದು) ಅಳೆದು, ಮೀಟರ್ ಮುಳ್ಳು +1 ಸ್ಟಾಪ್‌ಗೆ ಬರುವ ಹಾಗೆ ಇಡಿ. ಮೈಬಣ್ಣ ಯಾವುದೇ ಇರಲಿ, ಅಂಗೈ ಹೆಚ್ಚೂಕಡಿಮೆ ಒಂದೇ ಥರ. ಆಗ ಕಂದು ಮುಖ -1ರ ಆಸುಪಾಸು, ಬಿಳಿ ಅಂಗಿ +2ರ ಹತ್ತಿರ ತಾನಾಗೇ ಕೂರುತ್ತೆ. ಅಂಗಿ +3 ದಾಟಿತು ಅಂದರೆ ನೇಯ್ಗೆ ಹೋಯ್ತು, ರಾ ಫೈಲ್‌ನಲ್ಲೂ ವಾಪಸ್ ಬರೋದು ಕಷ್ಟ.

ಶುರು ಮಾಡೋಕೆ: ಬಿಚ್ಚು ನೆರಳಲ್ಲಿ (ನೇರ ಬಿಸಿಲಿಲ್ಲದೆ ಆಕಾಶದ ಬೆಳಕು ಬೀಳುವ ಕಡೆ) ಐಎಸ್‌ಒ 800, ಎಫ್/8, ಶಟರ್ 1/400 ಸೆಕೆಂಡ್. ಪೂರ್ತಿ ಬಿಸಿಲಲ್ಲಿ ಐಎಸ್‌ಒ 400, ಎಫ್/8, 1/1600. ಶೆಡ್ ಒಳಕ್ಕೆ ಹೋದ ಹಾಗೆಲ್ಲ ಅಂಗೈ ಮತ್ತೆ ಅಳೆಯಿರಿ.

ಬೆಳ್ಳಿಕಣ, ತುಮಕೂರು

ಎರಡನೇದಕ್ಕೆ ಬರ್ತೀನಿ. ಸ್ಯಾಚುರೇಶನ್ ಸೊನ್ನೆಗೆ ಎಳೆದು ಕಪ್ಪು-ಬಿಳುಪು ಮಾಡ್ತಿದ್ದೀರಿ ಅನ್ಸುತ್ತೆ. ಹಾಗೆ ಮಾಡಿದರೆ ಬಣ್ಣದ ವ್ಯತ್ಯಾಸ ಪೂರ್ತಿ ಬಿದ್ದುಹೋಗುತ್ತೆ, ಬೆಳಕಿನ ವ್ಯತ್ಯಾಸ ಮಾತ್ರ ಉಳಿಯುತ್ತೆ. ಕೆಂಪು ಹಣ್ಣು, ಹಸಿರು ಅಂಗಿ, ನೀಲಿ ಬಾಕ್ಸ್ ಮೂರಕ್ಕೂ ಬೆಳಕು ಹೆಚ್ಚೂಕಡಿಮೆ ಒಂದೇ ಇದ್ದರೆ ಬೂದೂ ಒಂದೇ.

ಬಣ್ಣ ಉಳಿಸಿಕೊಂಡು ಸಾಫ್ಟ್‌ವೇರ್‌ನ ಬ್ಲ್ಯಾಕ್ ಅಂಡ್ ವೈಟ್ ಮಿಕ್ಸ್‌ನಲ್ಲಿ ಕೆಲಸ ಮಾಡಿ, ಅಲ್ಲಿ ಒಂದೊಂದು ಬಣ್ಣದ ಬೂದನ್ನೂ ಬೇರೆಬೇರೆ ಸ್ಲೈಡರ್‌ನಿಂದ ಏರಿಸಿ ಇಳಿಸಬಹುದು. ಮನುಷ್ಯರ ಚರ್ಮ, ಕಪ್ಪಿರಲಿ ಬಿಳುಪಿರಲಿ, ಬರೋದು ಕಿತ್ತಳೆಯ ಪಟ್ಟಿಯಲ್ಲಿ. ಚೆನ್ನಾಗಿ ಹಣ್ಣಾದ ಟೊಮೆಟೊ ಕೆಂಪಿನಲ್ಲಿ. ಆರೆಂಜ್ +20, ರೆಡ್ -25 ಮಾಡಿ ನೋಡಿ: ಮುಖ ಮುಂದೆ ಬರುತ್ತೆ, ಹಣ್ಣಿನ ರಾಶಿ ಕಪ್ಪಾಗಿ ಹಿಂದೆ ಸರಿಯುತ್ತೆ. ನೀಲಿ ಬಾಕ್ಸ್ ಹಿಂದೆ ಇದ್ದರೆ ಬ್ಲೂ -15 ಸಾಕು.

ಇಲ್ಲಿ ಕೆಡುವ ಜಾಗಗಳಿವೆ. ರೆಡ್ ತೀರಾ ಕೆಳಕ್ಕೆ ಎಳೆದರೆ ತುಟಿ ಕಪ್ಪಾಗುತ್ತೆ, ಹಣೆಯ ಕುಂಕುಮ ತೂತಿನ ಹಾಗೆ ಕಾಣುತ್ತೆ, ಎಲೆ ಅಡಿಕೆ ಹಾಕಿದವರ ಬಾಯಿ ಗಾಯದ ಥರ ಆಗುತ್ತೆ. ಬಣ್ಣ ತಿರುಗುತ್ತಿರುವ ಅರೆಗಾಯಿ ಕಿತ್ತಳೆಯಲ್ಲೇ ಇರೋದರಿಂದ ಮುಖದ ಜೊತೆಗೆ ಅದೂ ಬೆಳ್ಳಗಾಗುತ್ತೆ. ಆಗ ಸ್ಲೈಡರ್ ಬಿಟ್ಟು ಸಾಫ್ಟ್‌ವೇರ್‌ನ ಮಾಸ್ಕ್‌ನಿಂದ ಮುಖದ ಭಾಗ ಮಾತ್ರ ಆರಿಸಿ ಅರ್ಧ ಸ್ಟಾಪ್ ಎತ್ತಿ. ಬ್ಲೂ -40 ದಾಟಿದರೆ ನೀಲಿ ಚಾನೆಲ್‌ನ ಕಾಳುಕಾಳು ಗದ್ದಲ ಮೇಲೆ ಬರುತ್ತೆ, ಆಕಾಶಕ್ಕೆ ತಾಗಿದ ಕೂದಲಿನ ಸುತ್ತ ಬಿಳಿ ಗೆರೆ ಮೂಡುತ್ತೆ.

ಕೆಂಪು ಫಿಲ್ಟರ್ ಗಾಜನ್ನು ಡಿಜಿಟಲ್ ಕ್ಯಾಮೆರಾಗೆ ಹಾಕಬೇಡಿ. ಬಣ್ಣದ ಸೆನ್ಸರ್‌ನಲ್ಲಿ ಕೆಂಪು ಓದೋದು ನಾಲ್ಕರಲ್ಲಿ ಒಂದು ಪಿಕ್ಸೆಲ್ ಮಾತ್ರ, ಉಳಿದ ಮೂರು ಹೆಚ್ಚುಕಡಿಮೆ ಖಾಲಿ ಕೂರುತ್ತವೆ. ಫಿಲ್ಮ್‌ಗೆ ಮಾತ್ರ ಅದು ಸರಿ, ಅಲ್ಲೂ ಹಳದಿಗೆ ಒಂದು ಸ್ಟಾಪ್, ಕೆಂಪಿಗೆ ಮೂರು ಸ್ಟಾಪ್ ಬೆಳಕು ಹೆಚ್ಚು ಕೊಡಬೇಕು.

ಕ್ಯಾಮೆರಾದ ಪಿಕ್ಚರ್ ಸ್ಟೈಲನ್ನು ಮಾನೋಕ್ರೋಮ್‌ಗೆ ಇಡಿ, ಫೈಲ್ ರಾ ಇರಲಿ. ಪರದೆಯಲ್ಲಿ ಕಪ್ಪು-ಬಿಳುಪು ಕಾಣುತ್ತೆ, ಫೈಲ್‌ನಲ್ಲಿ ಬಣ್ಣ ಹಾಗೇ ಇರುತ್ತೆ. ಕೆಂಪು ಸೀರೆ ಉಟ್ಟವರು ನಡೆದು ಹೋದರು ಅಂತ ಬಟನ್ ಒತ್ತುವ ಚಟ ಬಿಡಿಸೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಎಂಟಡಿ

ಫೋಕಸ್ ಬಗ್ಗೆ. ಓಡುವವರಿಗೆ ಆಟೋಫೋಕಸ್ ಬೇಡ, ಎಂಟಡಿಗೆ ಕಟ್ಟಿಬಿಡಿ.

ಎಪಿಎಸ್-ಸಿಯಲ್ಲಿ 24 ಎಂಎಂ ಲೆನ್ಸ್ ಎಫ್/8ರಲ್ಲಿ 8 ಅಡಿಗೆ ಫೋಕಸ್ ಆಗಿದ್ದರೆ ಸುಮಾರು 5 ಅಡಿಯಿಂದ 25 ಅಡಿವರೆಗೆ ಎಲ್ಲಾ ಶಾರ್ಪ್. ಎಫ್/5.6ಕ್ಕೆ ಬಂದರೆ ಐದೂವರೆಯಿಂದ 15 ಅಡಿ. ಎಫ್/2.8ರಲ್ಲಿ ಈ ಆಟ ನಡೆಯಲ್ಲ. ಶೆಡ್ ಒಳಗೆ ಕತ್ತಲೆ ಅಂತ ಲೆನ್ಸ್‌ನ ದ್ವಾರವನ್ನು ಎಫ್/2.8ಕ್ಕೆ ತೆರೆಯೋ ಬದಲು ಐಎಸ್‌ಒ 3200ಕ್ಕೆ ಏರಿಸಿ. ಕಪ್ಪು-ಬಿಳುಪಿನಲ್ಲಿ ಬಣ್ಣದ ಚುಕ್ಕೆ ಕಾಣಲ್ಲ, ಕಾಳು ಮಾತ್ರ ಉಳಿಯುತ್ತೆ, ಅದು ಕಣ್ಣಿಗೆ ಒರಟಾಗಲ್ಲ.

ಕಟ್ಟೋದು ಹೇಗೆ: ನೆಲದ ಮೇಲೆ ಟೇಪ್‌ನಿಂದ 8 ಅಡಿ ಅಳೆದು ಒಂದು ಖಾಲಿ ಬಾಕ್ಸ್ ಇಡಿ, ಅದಕ್ಕೆ ಆಟೋಫೋಕಸ್ ಮಾಡಿ, ಸ್ವಿಚ್ ಎಂಎಫ್‌ಗೆ (ಮ್ಯಾನುಯಲ್ ಫೋಕಸ್) ಹಾಕಿ, ಆಮೇಲೆ ರಿಂಗ್ ಮುಟ್ಟಬೇಡಿ. ಕೆಲವು ಲೆನ್ಸ್‌ಗಳಲ್ಲಿ ಫೋಕಸ್ ರಿಂಗ್ ನೇರ ಗಾಜಿಗೆ ಕೂಡಿರಲ್ಲ, ಮೋಟರ್ ಮೂಲಕ ತಿರುಗುತ್ತೆ. ಅಂಥವು ಕ್ಯಾಮೆರಾ ಆಫ್ ಆದಾಗ ಜಾಗ ಬಿಡಬಹುದು, ರಿಂಗ್‌ಗೆ ಅಂಟು ಪಟ್ಟಿ ಹಾಕಿದರೂ ಪ್ರಯೋಜನ ಇಲ್ಲ. ಪ್ರತಿ ಸಲ ಆನ್ ಮಾಡಿದ ಮೇಲೆ ಮತ್ತೆ ಕಟ್ಟಿ.

ಎಂಟಡಿ ಕಣ್ಣಳತೆಗೆ ಸಿಗೋಕೆ ಒಂದು ಗುರುತು: ಅಡ್ಡ ಫ್ರೇಮ್‌ನಲ್ಲಿ ತಲೆ ಮೇಲೆ ಸ್ವಲ್ಪ ಜಾಗ ಬಿಟ್ಟು ಮೊಣಕಾಲು ಕೆಳ ಅಂಚಿಗೆ ಬಂತು ಅಂದರೆ ನೀವು ಸರಿಯಾದ ದೂರದಲ್ಲಿದ್ದೀರಿ. ಶಟರ್ ನಡೆಯುವವರಿಗೆ 1/250, ಬಾಕ್ಸ್ ಹೊತ್ತು ಓಡುವವರಿಗೆ 1/500. ಅಡ್ಡ ಹಾಯುವವರು ನಿಮ್ಮತ್ತ ಬರುವವರಿಗಿಂತ ಹೆಚ್ಚು ಅಲುಗುತ್ತಾರೆ ಅನ್ನೋದೂ ನೆನಪಿರಲಿ.

ಮಂಡಿಬೆಳಕು, ಕೋಲಾರ

ಮೂವರಿಗೂ ಧನ್ಯವಾದ. ಅಂಗೈ ಲೆಕ್ಕ, ಮೊಣಕಾಲಿನ ಗುರುತು ಎರಡೂ ಬರೆದಿಟ್ಟುಕೊಂಡೆ. ಇನ್ನೊಂದು: ಎಂಟಡಿ ಅಂದರೆ ಮುಖಾಮುಖಿ. ಕೇಳಿ ತೆಗೀಬೇಕಾ, ಕೇಳದೆ ತೆಗೀಬೇಕಾ? ಹೂ ಕಟ್ಟುವ ಹೆಂಗಸರು, ಮಂಡಿಯಲ್ಲಿ ಹಣ್ಣು ಆರಿಸುವ ಮಕ್ಕಳ ವಿಷಯದಲ್ಲಿ ಏನು? ಕ್ಯಾಮೆರಾನ ಸೊಂಟದ ಹತ್ತಿರ ಇಟ್ಟು ತೆಗೆದರೆ ಯಾರಿಗೂ ಗೊತ್ತಾಗಲ್ಲ ಅಂತ ಕೆಲವರು ಹೇಳ್ತಾರೆ.

ಹಳೇಪೇಟೆ, ಚಿಂತಾಮಣಿ

ಸೊಂಟದಿಂದ ತೆಗೆಯೋದು ಬೇಡವೇ ಬೇಡ. ಚೌಕಟ್ಟು ಓರೆಯಾಗುತ್ತೆ, ಗದ್ದದ ಕೆಳಗಿನಿಂದ ನೋಡಿದ ಮುಖ ಬರುತ್ತೆ, ಅದಕ್ಕಿಂತ ಹೆಚ್ಚಾಗಿ ಸಿಕ್ಕಿಬಿದ್ದರೆ ಕಳ್ಳತನ ಮಾಡಿದ ಹಾಗೇ ಕಾಣುತ್ತೆ. ಕ್ಯಾಮೆರಾ ಕತ್ತಿಗೆ ಹಾಕಿಕೊಂಡು, ಎಲ್ಲರಿಗೂ ಕಾಣುವ ಹಾಗೆ, ಒಂದೇ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹತ್ತು ಹದಿನೈದು ನಿಮಿಷ ಆದ ಮೇಲೆ ಹರಾಜಿನವರಿಗೆ ದರ ಕೂಗೋದೇ ಮುಖ್ಯ ಆಗುತ್ತೆ, ನೀವು ಯಾರಿಗೂ ಬೇಡ.

ನಮ್ಮ ಕಡೆ ಅರ್ಧ ಮಂಡಿ ತೆಲುಗು ಮಾತಾಡುತ್ತೆ. "ಅಣ್ಣ, ಒಂದು ಫೋಟೋ ತಗೊಳ್ಳಲಾ?" ಅಂದು ಉತ್ತರ ಬರದಿದ್ದರೆ "ಒಕ ಫೋಟೋ ತೀಸುಕೋನಾ ಅನ್ನಾ?" ಅನ್ನಿ. ವಯಸ್ಸಾದವರಿಗೆ ಯಜಮಾನ್ರೇ, ತಾತ. ಹೂ ಮಾರುವವರಿಗೆ ಅಕ್ಕ, ಅಮ್ಮ. ಕೇಳಿದ ಕೂಡಲೇ ಎಲ್ಲರೂ ನೆಟ್ಟಗೆ ನಿಂತು ಬಟ್ಟೆ ಸರಿಮಾಡಿಕೊಳ್ತಾರೆ. ಆ ಫೋಟೋ ಗೌರವದಿಂದ ತೆಗೆಯಿರಿ, ತೋರಿಸಿ, ಅಲ್ಲೇ ಇರಿ. ಅವರು ಮತ್ತೆ ಕೆಲಸಕ್ಕೆ ಕೈ ಹಾಕ್ತಾರಲ್ಲ, ನಿಮಗೆ ಬೇಕಾದ ಚಿತ್ರ ಆಗ ಬರುತ್ತೆ. ಬೇಡ ಅಂದರೆ ಅಳಿಸಿ, ಅಳಿಸಿದ್ದನ್ನು ತೋರಿಸಿ, ವಾದ ಬೇಡ.

ಕಾನೂನು: ರಸ್ತೆಯಲ್ಲಿ ಫೋಟೋ ತೆಗೆಯೋದನ್ನೇ ಸಾರಾಸಗಟಾಗಿ ತಡೆಯುವ ಕಾಯ್ದೆ ನಮ್ಮಲ್ಲಿಲ್ಲ. ಆದರೆ 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂದಿದೆ, ಸಾರ್ವಜನಿಕ ಜಾಗದಲ್ಲಿದ್ದ ಮಾತ್ರಕ್ಕೆ ಅದು ಕಳೆದುಹೋಗಲ್ಲ ಅನ್ನೋ ಮಾತೂ ಅದರಲ್ಲಿದೆ. ಜಾಹೀರಾತಿಗೆ, ಮಾರಾಟಕ್ಕೆ ಬಳಸುವುದಾದರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಎಪಿಎಂಸಿ ಯಾರ್ಡ್ ಸಮಿತಿಯ ಆವರಣ, ಅದನ್ನು ರಸ್ತೆ ಅಂದುಕೊಳ್ಳಬೇಡಿ; ಮೊದಲು ಕಚೇರಿಯಲ್ಲಿ ಹೇಳಿ ಒಳಗೆ ಹೋಗಿ.

ಮಕ್ಕಳ ವಿಷಯ ಬೇರೆಯೇ. ಜೊತೆಗೆ ಅಪ್ಪ ಅಮ್ಮ ಇದ್ದರೆ ಅವರನ್ನು ಕೇಳಿ. ದುಡಿಯುತ್ತಿರುವ ಮಗು ಆಗಿದ್ದರೆ ಮುಖ ತೆಗೆಯಲೇಬೇಡಿ. ಕಾನೂನು ಮೀರಿ ದುಡಿಸಿಕೊಳ್ಳಲಾಗುತ್ತಿರುವ ಮಗು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಅಂಥ ಮಗುವಿನ ಗುರುತು ಸಿಗುವ ಚಿತ್ರ ಪ್ರಕಟಿಸೋದನ್ನು 74ನೇ ಸೆಕ್ಷನ್ ನಿಷೇಧಿಸುತ್ತೆ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಮಗು ಕೆಲಸ ಮಾಡ್ತಿರೋದು ಕಂಡರೆ ಕ್ಯಾಮೆರಾ ಕೆಳಗಿಟ್ಟು 1098ಕ್ಕೆ ಫೋನ್ ಮಾಡಿ.

ರೇಷ್ಮೆಗೂಡು, ಶಿಡ್ಲಘಟ್ಟ

ಮುಖದ ನೆರಳು ಕಾಡುತ್ತಿದ್ದರೆ ಒಂದು ಬೆಳಗ್ಗೆ ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಗೆ ಬನ್ನಿ, ಒಳಗೆ ತೆಗೆಯೋಕೆ ಅಲ್ಲಿನ ಅಧಿಕಾರಿಗಳನ್ನು ಕೇಳಿಕೊಂಡು. ಬೈವೋಲ್ಟೈನ್ ಅನ್ನೋ ರೇಷ್ಮೆ ತಳಿಯ ಗೂಡು ಬಿಳಿ. ಅದರ ರಾಶಿ ಮೇಲೆ ಬಗ್ಗಿ ಒಂದು ಹಿಡಿ ಎತ್ತಿ ನೋಡುವವರ ಗದ್ದ, ಕಣ್ಣುಗುಳಿ ಎಲ್ಲಕ್ಕೂ ಕೆಳಗಿನಿಂದ ಬೆಳಕು ಚಿಮ್ಮುತ್ತೆ, ಸ್ಟುಡಿಯೋದ ರಿಫ್ಲೆಕ್ಟರ್ ಮಾಡೋದೂ ಇದನ್ನೇ. ಮಿಶ್ರತಳಿ ಗೂಡು ಹಳದಿ. ಯೆಲ್ಲೋ ಸ್ಲೈಡರ್ +15 ಮಾಡಿದರೆ ಬೆಳ್ಳಗಾಗುತ್ತೆ, ಕೆಳಕ್ಕೆ ಎಳೆದರೆ ಬಿಳಿ ರಾಶಿಯಿಂದ ಬೇರೆಯಾಗಿ ನಿಲ್ಲುತ್ತೆ.

ಒಳಗೆ ಟ್ಯೂಬ್‌ಲೈಟ್, ಎಲ್‌ಇಡಿ ಇರೋದು ಗಮನಿಸಿ. ನಮ್ಮ ಕರೆಂಟು 50 ಹರ್ಟ್ಸ್, ಅದರಿಂದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತೆ. ಸೈಲೆಂಟ್ ಶಟರ್‌ನಲ್ಲಿ 1/500 ಹಾಕಿದರೆ ಚಿತ್ರದ ಉದ್ದಕ್ಕೂ ಅಡ್ಡ ಪಟ್ಟೆ ಬರಬಹುದು. ಬಣ್ಣದ ಏರುಪೇರು ಕಪ್ಪು-ಬಿಳುಪಿನಲ್ಲಿ ಮಾಯ ಆಗುತ್ತೆ, ಪಟ್ಟೆ ಮಾಯ ಆಗಲ್ಲ. ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ, 1/100ರಲ್ಲಿ ನಿಂತವರನ್ನು ಮಾತ್ರ ತೆಗೆಯಿರಿ.

ಎಂಟಡಿ

@ಬೆಳ್ಳಿಕಣ, ಫಿಲ್ಮ್ ಪ್ರಸ್ತಾಪ ಬಂತಲ್ಲ, ನಮ್ಮ ಬೋರ್‌ವೆಲ್ ನೀರಲ್ಲಿ ತೊಳೆದರೆ ನೆಗೆಟಿವ್ ತುಂಬ ಬಿಳಿ ಕಲೆ. ಏನು ಮಾಡ್ತೀರಿ?

ಬೆಳ್ಳಿಕಣ, ತುಮಕೂರು

ಗಡಸು ನೀರಿನ ಸುಣ್ಣದಂಶ ಒಣಗಿ ಉಳಿಯೋದು ಅದು. ತೊಳೆಯೋದು ಬೋರ್ ನೀರಲ್ಲೇ ಆಗಲಿ, ಡೆವಲಪರ್ ಕಲಸೋಕೆ ಮತ್ತು ಕೊನೇ ಅದ್ದಿಗೆ ಮಾತ್ರ ಡಿಸ್ಟಿಲ್ಡ್ ನೀರು ಬಳಸಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತೆ. 600 ಮಿ.ಲೀ.ಗೆ 3 ಮಿ.ಲೀ. ಫೋಟೋ-ಫ್ಲೋ (ನೀರು ಹನಿಯಾಗಿ ನಿಲ್ಲದೆ ಜಾರುವ ಹಾಗೆ ಮಾಡುವ ದ್ರವ), ಅರ್ಧ ನಿಮಿಷ, ಆಮೇಲೆ ಒರೆಸದೆ ಓರೆಯಾಗಿ ತೂಗುಹಾಕಿ. ಎಚ್‌ಪಿ5 ಪ್ಲಸ್ ಫಿಲ್ಮನ್ನು ಐಎಸ್‌ಒ 400ರಲ್ಲಿ ತೆಗೆದಿದ್ದರೆ ಐಡಿ-11 ಡೆವಲಪರ್‌ಗೆ ಅಷ್ಟೇ ನೀರು ಬೆರೆಸಿ 20 ಡಿಗ್ರಿಯಲ್ಲಿ 13 ನಿಮಿಷ. ಬೇಸಿಗೆಯಲ್ಲಿ ನೀರು 24 ಡಿಗ್ರಿ ಇದ್ದರೆ ಸುಮಾರು 9 ನಿಮಿಷಕ್ಕೆ ಇಳಿಸಿ, ಇಲ್ಲದಿದ್ದರೆ ಬಿಳಿ ಅಂಗಿ ನೆಗೆಟಿವ್‌ನಲ್ಲಿ ಗಟ್ಟಿಯಾಗಿ ಕೂತು ಪ್ರಿಂಟ್‌ಗೆ ಇಳಿಯಲ್ಲ.

ಮಂಡಿಬೆಳಕು, ಕೋಲಾರ

ತೆಗೆದವರಿಗೆ ಪ್ರಿಂಟ್ ಕೊಡಬೇಕು ಅಂತಿದೆ. ಊರಿನ ಲ್ಯಾಬ್‌ನಲ್ಲಿ ಕಪ್ಪು-ಬಿಳುಪು ಕೊಟ್ಟರೆ ಹಸಿರು ಛಾಯೆ ಬರುತ್ತೆ ಅಂತಾರೆ, ನಿಜವಾ?

ನೆರಳಂಚು

ಬರಬಹುದು. ಅದು ಬಣ್ಣದ ಕಾಗದ, ಮೂರು ಬಣ್ಣ ಸೇರಿಸಿ ಬೂದು ಮಾಡುತ್ತೆ. ಮೆಷಿನ್ ಸ್ವಲ್ಪ ಹದ ತಪ್ಪಿದರೂ ಹಸಿರು ಇಲ್ಲವೇ ಗುಲಾಬಿ ಕಡೆ ವಾಲುತ್ತೆ. ಫೈಲ್ ಎಸ್‌ಆರ್‌ಜಿಬಿ ಜೆಪೆಗ್ ಇರಲಿ, 4×6 ಇಂಚಿಗೆ 1200×1800 ಪಿಕ್ಸೆಲ್. ಆಟೋ ಕರೆಕ್ಷನ್ ಆಫ್ ಮಾಡಿ ಅಂತ ಲ್ಯಾಬ್‌ನವರಿಗೆ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ನೀವು ಕಪ್ಪಾಗಿ ಬಿಟ್ಟ ಹಿನ್ನೆಲೆಯನ್ನೆಲ್ಲ ಮೆಷಿನ್ ಬೆಳ್ಳಗೆ ಮಾಡುತ್ತೆ. ಮೊದಲು ಒಂದೇ ಪ್ರಿಂಟ್ ಹಾಕಿಸಿ, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಹೊರಗಿನ ನೆರಳಲ್ಲಿ ಹಿಡಿದು ನೋಡಿ. ಪರದೆಗಿಂತ ಕಾಗದ ಕಪ್ಪಾಗಿ ಬರೋದು ಸಾಮಾನ್ಯ. ಮುಖ ಮುಳುಗಿದ್ದರೆ ಫೈಲ್‌ನಲ್ಲಿ ಮೂರನೇ ಒಂದು ಸ್ಟಾಪ್ ಎತ್ತಿ, ಆಮೇಲೆ ಉಳಿದದ್ದು ಹಾಕಿಸಿ. ಪ್ರಿಂಟ್ ಹಿಂದೆ ಪೆನ್ಸಿಲ್‌ನಲ್ಲಿ ಮಂಡಿ ನಂಬರ್ ಬರೆದಿಟ್ಟುಕೊಳ್ಳಿ, ಯಾರದು ಯಾರಿಗೆ ಅಂತ ಗೊಂದಲ ಆಗಲ್ಲ.